ಕಚೇರಿಯ ಗೆರೆಯೂ ಮಕ್ಕಳ ದಾರಿಯೂ

ಕಳೆದ ವರ್ಷ ಜೂನ್ ತಿಂಗಳು, ಶಾಲೆ ತೆರೆದ ಹೊಸತು. ಗಲ್ಫಿನಲ್ಲಿ ಸರ್ವೆ ಕೆಲಸದಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ರಜೆಯಲ್ಲಿ ಊರಿಗೆ ಬಂದಿದ್ದಾಗ ಸಮಾಜ ವಿಜ್ಞಾನ ಕ್ಲಬ್ಬಿಗೆಂದು ಒಂದು ಜಿಪಿಎಸ್ ಯಂತ್ರವನ್ನು ಕೊಟ್ಟುಹೋದರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಎರಡು ಬ್ಯಾಟರಿ ಹಾಕಿದರೆ ದಿನವಿಡೀ ನಡೆಯುತ್ತದೆ, ಮಳೆಗೂ ಹೆದರುವುದಿಲ್ಲ. ಸಂತೋಷದಿಂದ ಪೆಟ್ಟಿಗೆ ಬಿಚ್ಚಿದರೆ ಒಳಗಿದ್ದ ಕಾಗದದಲ್ಲಿ ಬರೆದಿತ್ತು: ಇದರ ನಕ್ಷೆ ತಂತ್ರಾಂಶ ವಿಂಡೋಸ್ ಮತ್ತು ಮ್ಯಾಕ್ ಗಣಕಗಳಿಗೆ ಮಾತ್ರ. ಕೇರಳದ ಇತರ ಸರಕಾರಿ, ಅನುದಾನಿತ ಶಾಲೆಗಳಲ್ಲಿರುವಂತೆ ನಮ್ಮ ಲ್ಯಾಬಿನಲ್ಲಿರುವುದು ಲಿನಕ್ಸ್.

ಸ್ಟಾಫ್ ರೂಮಿನಲ್ಲಿ ಕೂಡಲೇ ತೀರ್ಪು ಬಂತು. “ಇದು ನಮ್ಮ ಗಣಕಕ್ಕೆ ಆಗುವುದಲ್ಲ ಮಾಸ್ಟ್ರೇ, ಕಪಾಟಿನಲ್ಲಿಡಿ, ಬಹುಮಾನದ ಕಪ್‌ಗಳ ಹತ್ತಿರ ಚಂದ ಕಾಣುತ್ತದೆ” ಎಂದರು ಒಬ್ಬರು. ಪೇಟೆಯ ಡಿಟಿಪಿ ಅಂಗಡಿಯಲ್ಲಿ ವಿಂಡೋಸ್ ಉಂಟು, ಏನಿದ್ದರೂ ಅಲ್ಲಿ ಮಾಡಿಸಿ ಎಂದರು ಇನ್ನೊಬ್ಬರು. ಮೂರನೆಯವರು ಸ್ವಲ್ಪ ಧೈರ್ಯಸ್ಥರು. ಲ್ಯಾಬಿನ ಒಂದು ಗಣಕಕ್ಕೆ ಎಲ್ಲಿಂದಲಾದರೂ ಒಂದು ವಿಂಡೋಸ್ ತಂದು ಹಾಕಿಸೋಣ, ನೋಡಲು ಯಾರು ಬರುತ್ತಾರೆ ಎಂಬುದು ಅವರ ಅಭಿಪ್ರಾಯ.

ಈ ಮೂರು ಸಲಹೆಗಳೂ ಸರಿಯಲ್ಲವೆಂದು ನನಗೆ ಆಗಲೂ ಅನಿಸಿತ್ತು, ಈಗ ಖಚಿತವಾಗಿದೆ. ಹಾಗೆ ಖಚಿತವಾಗಲು ಕಾರಣವಾದ ಸಂಗತಿಯನ್ನು ಗಡಿನಾಡಿನ ಅಧ್ಯಾಪಕ ಮಿತ್ರರ ಹಾಗೂ ಹೆತ್ತವರ ಗಮನಕ್ಕೆ ತರಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಅದೇ ತಿಂಗಳಲ್ಲಿ ನಮ್ಮ ನೆರೆಯ ಒಂದು ಕನ್ನಡ ಮಾಧ್ಯಮ ಎಲ್‌ಪಿ ಶಾಲೆಗೆ ಕಚೇರಿಯೊಂದರಿಂದ ಪಟ್ಟಿಯೊಂದು ಬಂತು. ಮಕ್ಕಳ ಸಂಖ್ಯೆ ಕಡಿಮೆಯಾದ ಶಾಲೆಗಳ ಪಟ್ಟಿ. ಕೊನೆಯ ಕಾಲಮಿನಲ್ಲಿ ‘ಸಮೀಪದ ಅದೇ ಮಾಧ್ಯಮದ ಶಾಲೆಗೆ ಇರುವ ದೂರ’ ಎಂದಿತ್ತು. ಈ ಶಾಲೆಯ ಎದುರು 850 ಮೀಟರ್ ಎಂದು ಟೈಪ್ ಮಾಡಲಾಗಿತ್ತು. ಆ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಪಟ್ಟಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದು, “ಈ ಎಂಟುನೂರೈವತ್ತು ಮೀಟರನ್ನು ಯಾರು ನಡೆದರು ಎಂದು ನನಗೆ ಗೊತ್ತಾಗಬೇಕು” ಎಂದರು. ಯಾರೂ ನಡೆದಿರಲಿಲ್ಲ. ಕಚೇರಿಯ ಗಣಕದಲ್ಲಿ ಎರಡು ಶಾಲೆಗಳಿಗೂ ಒಂದೊಂದು ಚುಕ್ಕೆ ಇಟ್ಟು, ನಡುವೆ ನೇರ ಗೆರೆ ಎಳೆದಿದ್ದರು. ಕಾಗೆಗೆ ಆ ದೂರ ಸರಿ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ನೆನಪಿಸುವುದು ಅಗತ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೆಳಗೆ ಕೇಂದ್ರ ಸರಕಾರವು 2010ರಲ್ಲಿ ಮಾದರಿ ನಿಯಮಗಳನ್ನು ಹೊರಡಿಸಿತು. 1ರಿಂದ 5ನೇ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರ್, 6ರಿಂದ 8ನೇ ತರಗತಿಯವರಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆಯಿರಬೇಕೆಂದು ಅದರಲ್ಲಿದೆ. ಅಲ್ಲಿರುವ ಪದ ‘ನಡಿಗೆಯ ದೂರ’. ಕಡಿದಾದ ನೆಲ, ನೆರೆ, ರಸ್ತೆಯಿಲ್ಲದಿರುವುದು, ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಚಿಕ್ಕ ಮಕ್ಕಳಿಗೆ ಅಪಾಯ, ಇಂಥವು ಇದ್ದಲ್ಲಿ ಈ ಮಿತಿಯನ್ನು ಇನ್ನೂ ಕಡಿಮೆ ಮಾಡಬೇಕೆಂದೂ ಅದೇ ನಿಯಮದಲ್ಲಿದೆ. ಕಾಸರಗೋಡಿನ ನೆಲ ಬಲ್ಲವರಿಗೆ ಈ ವಾಕ್ಯ ನಮಗಾಗಿಯೇ ಬರೆದಂತೆ ಕಂಡರೆ ಆಶ್ಚರ್ಯವಿಲ್ಲ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲಿ ಹರಿಯುತ್ತವೆ. ಅವುಗಳಿಗೆ ಸೇರುವ ತೋಡುಗಳಿಗೆ ಲೆಕ್ಕವಿಲ್ಲ. ಮುರಕಲ್ಲಿನ ಗುಡ್ಡೆ, ಅದರ ಬುಡದಲ್ಲಿ ಅಡಿಕೆ ತೋಟ, ತೋಟದಾಚೆ ಬೈಲು, ಬೈಲಿನ ನಡುವೆ ತೋಡು, ತೋಡಿಗೆ ಎರಡು ಅಡಿಕೆ ಮರದ ಸಂಕ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಸಂಕ ನೀರಿನ ಮೇಲಿರುವ ದಿನಗಳಿಗಿಂತ ಕೆಳಗಿರುವ ದಿನಗಳೇ ಹೆಚ್ಚು.

ಕಪಾಟಿಗೆ ಹೋಗಬೇಕಾಗಿದ್ದ ಯಂತ್ರದ ನೆನಪು ನನಗೆ ಬಂದದ್ದು ಆಗ. ನಡೆದ ದಾರಿಯನ್ನು ಹೆಜ್ಜೆಹೆಜ್ಜೆಗೂ ಗುರುತಿಸುವುದೇ ಅದರ ಕೆಲಸ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ತಿರುಗುವ ಉಪಗ್ರಹಗಳಿಂದ ಬರುವ ಸಮಯದ ಸಂಕೇತಗಳನ್ನು ಹಿಡಿದು, ಕನಿಷ್ಠ ನಾಲ್ಕು ಉಪಗ್ರಹಗಳು ಸಿಕ್ಕಿದರೆ, ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. 2000ನೇ ಇಸವಿ ಮೇ ತಿಂಗಳ ವರೆಗೆ ಅಮೆರಿಕವು ಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳುಹಿಸುತ್ತಿತ್ತು, ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. ಆ ಕಾಲದಲ್ಲಾಗಿದ್ದರೆ ಮಗು ತೋಡಿನ ಈ ದಡದಲ್ಲಿದೆಯೋ ಆ ದಡದಲ್ಲೋ ಎಂದು ಹೇಳುವ ಹಾಗಿರಲಿಲ್ಲ. ಈಗ ಬಯಲಿನಲ್ಲಿ ನಿಂತರೆ ತಪ್ಪು ಕೆಲವೇ ಮೀಟರ್.

ಇನ್ನು ಲಿನಕ್ಸಿನ ಮಾತು. ನಮ್ಮ ಶಾಲೆಗಳಿಗೆ ಅದು ಬಂದದ್ದು ಬಡತನದಿಂದ ಎಂದು ಹಲವರು ತಿಳಿದಿದ್ದಾರೆ, ತಪ್ಪು ತಿಳುವಳಿಕೆ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಆ ದಶಕ ಮುಗಿಯುವಷ್ಟರಲ್ಲಿ ರಾಜ್ಯದ ಶಾಲೆಗಳನ್ನು ಮುಕ್ತ ತಂತ್ರಾಂಶದ ದಾರಿಗೆ ತಂದಿತು. 2017ರಲ್ಲಿ ಅದೇ ಯೋಜನೆ ಕೈಟ್ ಎಂಬ ಸಂಸ್ಥೆಯಾಯಿತು. ಲೈಸನ್ಸ್ ಹಣ ಉಳಿಯಿತು, ನಿಜ. ಮುಖ್ಯ ಲಾಭ ಬೇರೆಯೇ ಇದೆ: ಶಾಲೆಯಲ್ಲಿ ಕಲಿತ ತಂತ್ರಾಂಶವನ್ನು ಮಗು ಮನೆಯ ಹಳೆ ಗಣಕಕ್ಕೂ ಯಾರ ಅಪ್ಪಣೆಯಿಲ್ಲದೆ ಹಾಕಿಕೊಳ್ಳಬಹುದು. ನಾನು ಕಲಿಸಿದ 10ನೇ ತರಗತಿಯ ಐಸಿಟಿ ಪುಸ್ತಕದಲ್ಲಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಪಾಠವೇ ಇತ್ತು. 2002ರಲ್ಲಿ ಗ್ಯಾರಿ ಶರ್ಮನ್ ಎಂಬವರು ತೊಡಗಿಸಿದ ಈ ತಂತ್ರಾಂಶವನ್ನು ಇಂದು ಜಗತ್ತಿನ ದೊಡ್ಡ ದೊಡ್ಡ ಕಚೇರಿಗಳೂ ಬಳಸುತ್ತವೆ. ನಾವು ಅದನ್ನು ಪರೀಕ್ಷೆಯ ಎರಡು ಅಂಕಕ್ಕಾಗಿ ಕಲಿಸಿ ಮುಚ್ಚಿಡುತ್ತಿದ್ದೆವು.

ಯಂತ್ರವನ್ನು ಯುಎಸ್‌ಬಿ ಕೇಬಲಿನಿಂದ ಲ್ಯಾಬಿನ ಗಣಕಕ್ಕೆ ಸಿಕ್ಕಿಸಿದೆವು. ಅದು ಪೆನ್‌ಡ್ರೈವಿನಂತೆ ತೆರೆದುಕೊಂಡಿತು. ಒಳಗೆ ಜಿಪಿಎಕ್ಸ್ ಎಂಬ ಹೆಸರಿನ ಫೋಲ್ಡರ್, ಅದರೊಳಗೆ ದಿನಕ್ಕೊಂದರಂತೆ ಕಡತ. ಕಡತವನ್ನು ಎಳೆದು ಕ್ಯೂಜಿಐಎಸ್ ಮೇಲೆ ಬಿಟ್ಟರೆ ನಡೆದ ದಾರಿ ಗೆರೆಯಾಗಿ ಮೂಡಿತು. ಕಂಪೆನಿಯ ತಂತ್ರಾಂಶ ಬೇಕಾಗಲೇ ಇಲ್ಲ! ಸ್ಟಾಫ್ ರೂಮಿನ ಮೂರು ಸಲಹೆಗಳಿಗೂ ಉತ್ತರ ಹತ್ತು ನಿಮಿಷದಲ್ಲಿ ಸಿಕ್ಕಿತ್ತು.

ಎಲ್ಲ ಯಂತ್ರಗಳೂ ಹೀಗೆ ಸೌಮ್ಯವಾಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಹಳೆಯ ಮಾದರಿಗಳು ಪೆನ್‌ಡ್ರೈವಿನಂತೆ ತೆರೆದುಕೊಳ್ಳುವುದಿಲ್ಲ. ಅವುಗಳೊಡನೆ ಮಾತಾಡಲು ಜಿಪಿಎಸ್‌ಬೇಬಲ್ ಎಂಬ ಉಚಿತ ತಂತ್ರಾಂಶ ಬೇಕು, ರಾಬರ್ಟ್ ಲೈಪ್ ಎಂಬವರು ತೊಡಗಿಸಿದ್ದು, ಹತ್ತಾರು ಕಂಪೆನಿಗಳ ಭಾಷೆಯನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ದುಭಾಷಿ. ಅದನ್ನು ಹಾಕಿಯೂ ‘ಸಾಧನ ತೆರೆಯಲಾಗಲಿಲ್ಲ’ ಎಂದು ಬಂದರೆ ಹೆದರಬೇಡಿ. ಸೀರಿಯಲ್ ಕೇಬಲಿನ ಯಂತ್ರವಾದರೆ ಬಹುತೇಕ ಸಂದರ್ಭಗಳಲ್ಲಿ ಮಕ್ಕಳ ಲಾಗಿನ್ನಿಗೆ ಆ ಪೋರ್ಟನ್ನು ಮುಟ್ಟುವ ಅನುಮತಿ ಇರುವುದಿಲ್ಲ. ಉಬುಂಟು ಮೂಲದ ಗಣಕಗಳಲ್ಲಿ ಆ ಬಳಕೆದಾರರನ್ನು ‘ಡಯಲೌಟ್’ ಎಂಬ ಗುಂಪಿಗೆ ಸೇರಿಸಿ, ಒಮ್ಮೆ ಲಾಗೌಟ್ ಆಗಿ ಬಂದರೆ ಸರಿಹೋಗುತ್ತದೆ. ಗಾರ್ಮಿನ್‌ನ ಹಳೆಯ ಯುಎಸ್‌ಬಿ ಮಾದರಿಗಳಲ್ಲಿ ಲಿನಕ್ಸಿನೊಳಗೇ ಇರುವ ‘ಗಾರ್ಮಿನ್_ಜಿಪಿಎಸ್’ ಎಂಬ ಚಾಲಕವು ತಾನೇ ಮೊದಲು ಹೋಗಿ ಸಾಧನವನ್ನು ಹಿಡಿದುಕೊಂಡು ಜಿಪಿಎಸ್‌ಬೇಬಲ್‌ಗೆ ಜಾಗ ಬಿಡುವುದಿಲ್ಲ. ಅದು ತೆರೆದುಕೊಳ್ಳದಂತೆ ಒಂದು ಸಾಲು ಬರೆದು ತಡೆಯಬೇಕಾಗುತ್ತದೆ. ಇಷ್ಟು ತಿಳಿದಿದ್ದರೆ ಅರ್ಧ ದಿನ ಉಳಿಯುತ್ತದೆ. ಯಂತ್ರದ ಒಳ ತಂತ್ರಾಂಶವನ್ನು ಹೊಸದು ಮಾಡಲು, ಕಂಪೆನಿ ಮಾರುವ ನಕ್ಷೆ ತುಂಬಲು ಮಾತ್ರ ಈಗಲೂ ಹೆಚ್ಚಿನವುಗಳಿಗೆ ವಿಂಡೋಸ್ ಅಥವಾ ಮ್ಯಾಕ್ ಬೇಕಾಗುತ್ತದೆ. ನಮಗೆ ಈ ಎರಡರ ಅಗತ್ಯ ಇದುವರೆಗೆ ಬಂದಿಲ್ಲ.

ಫೋನಿನಲ್ಲೇ ಜಿಪಿಎಸ್ ಇರುವಾಗ ಬೇರೆ ಯಂತ್ರ ಏಕೆ ಎಂದು ಕೇಳುವವರಿದ್ದಾರೆ. ಫೋನಾದರೂ ಆಗುತ್ತದೆ. ಓಸ್ಮ್ಆಂಡ್‌ನಂಥ ಆಪ್ ಇಂಟರ್ನೆಟ್ ಇಲ್ಲದೆಯೂ ದಾರಿ ದಾಖಲಿಸಿ ಅದೇ ಜಿಪಿಎಕ್ಸ್ ಕಡತವನ್ನು ಕೊಡುತ್ತದೆ. (ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ತಿರುಳೇ ಎಂದು ಹೇಳಿದಾಗ ನಮ್ಮ ಧೈರ್ಯಸ್ಥ ಮಿತ್ರರು ನಂಬಲಿಲ್ಲ.) ಆದರೆ ಆಷಾಢದ ಮಳೆಯಲ್ಲಿ ಹನ್ನೆರಡು ವರ್ಷದ ಹುಡುಗಿಯ ಕೈಗೆ ನಾನು ನನ್ನ ಫೋನ್ ಕೊಡಲಾರೆ.

ಜಿಪಿಎಕ್ಸ್ ಕಡತದ ಗುಣವೆಂದರೆ ಅದನ್ನು ಸಾಮಾನ್ಯ ಪಠ್ಯದಂತೆ ತೆರೆದು ಕಣ್ಣಿನಿಂದ ಓದಬಹುದು. ಒಂದೊಂದು ಬಿಂದುವಿಗೂ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ. 2002ರಿಂದ ಬಳಕೆಯಲ್ಲಿರುವ ಈ ರೂಪಕ್ಕೆ ಯಾರಿಗೂ ಸುಂಕ ಕೊಡಬೇಕಾಗಿಲ್ಲ. ಮಕ್ಕಳು ಅದನ್ನು ಓದುತ್ತಾ ಒಂದು ತಕರಾರು ತೆಗೆದರು. ಸಂಜೆ ನಾಲ್ಕೂಕಾಲಕ್ಕೆ ನಡೆದದ್ದನ್ನು ಯಂತ್ರ ಬೆಳಿಗ್ಗೆ 10.45 ಎಂದು ಬರೆದಿದೆ, ಇದು ಸುಳ್ಳು ಹೇಳುತ್ತದೆ ಎಂದರು. ಅದು ಬರೆಯುವುದು ಗ್ರೀನಿಚ್‌ನ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ರೇಖಾಂಶದ ಪಾಠವನ್ನು ಎಷ್ಟೋ ವರ್ಷ ಕರಿಹಲಗೆಯಲ್ಲಿ ಕಲಿಸಿದ್ದೇನೆ, ಇಷ್ಟು ಬೇಗ ಯಾರಿಗೂ ಅರ್ಥವಾಗಿರಲಿಲ್ಲ.

ನಮ್ಮ ಮೊದಲ ನಕ್ಷೆಯಲ್ಲಿ ಆ ಎಲ್‌ಪಿ ಶಾಲೆ ಅರಬ್ಬೀ ಸಮುದ್ರಕ್ಕೆ ಬಿತ್ತು. ಕಾರಣವನ್ನು ಒಂದು ಉದಾಹರಣೆಯಿಂದ ಹೇಳುವೆ. ಯಂತ್ರದ ಪರದೆಯಲ್ಲಿ ಡಿಗ್ರಿ ಮತ್ತು ನಿಮಿಷ ಕಾಣುತ್ತದೆ. ಕುಂಬಳೆಯ ಆಸುಪಾಸಿನಲ್ಲಾದರೆ 12 ಡಿಗ್ರಿ 36 ನಿಮಿಷ, 74 ಡಿಗ್ರಿ 57 ನಿಮಿಷ ಎಂದಿಟ್ಟುಕೊಳ್ಳಿ. ಗಣಕಕ್ಕೆ ಬೇಕಾದದ್ದು ದಶಮಾಂಶ: ನಿಮಿಷವನ್ನು 60ರಿಂದ ಭಾಗಿಸಬೇಕು, 12.60 ಮತ್ತು 74.95 ಆಗುತ್ತದೆ. ನಮ್ಮ ಹುಡುಗ ಕಂಡದ್ದನ್ನು ಕಂಡ ಹಾಗೆಯೇ 12.36, 74.57 ಎಂಬ ರೀತಿಯಲ್ಲಿ ಹೊಡೆದಿದ್ದ. ದಕ್ಷಿಣಕ್ಕೆ 26 ಕಿಲೋಮೀಟರ್, ಪಶ್ಚಿಮಕ್ಕೆ 41 ಕಿಲೋಮೀಟರ್ ಜಾರಿದರೆ ಕಾಸರಗೋಡಿನ ಯಾವ ಶಾಲೆ ತಾನೇ ನೆಲದ ಮೇಲೆ ಉಳಿದೀತು? ನಕ್ಕು ಸುಮ್ಮನಾಗುವ ವಿಷಯ ಇದಲ್ಲ. ಕಚೇರಿಗಳ ಪಟ್ಟಿಗಳಲ್ಲಿಯೂ ಇಂಥ ಚುಕ್ಕೆಗಳು ಇರಬಹುದು. ನಿಮ್ಮ ಶಾಲೆಯ ಅಕ್ಷಾಂಶ ರೇಖಾಂಶ ಎಂದು ಸರಕಾರಿ ದಾಖಲೆಯಲ್ಲಿರುವುದನ್ನು ಒಮ್ಮೆ ನಕ್ಷೆಯಲ್ಲಿಟ್ಟು ನೋಡಿರಿ.

ಜುಲೈ ತಿಂಗಳಲ್ಲಿ ನಡೆದೆವು. ಎಲ್‌ಪಿ ಶಾಲೆಯ ಗೇಟಿನಿಂದ ಆ ‘ಸಮೀಪದ’ ಶಾಲೆಯ ಗೇಟಿನ ವರೆಗೆ, ನಮ್ಮ ಲಿಟಲ್ ಕೈಟ್ಸ್ ಮಕ್ಕಳು ನಾಲ್ವರು, ಇಬ್ಬರು ಅಧ್ಯಾಪಕರು, ದಾರಿ ತೋರಿಸಲು ಆ ಶಾಲೆಯ ಒಬ್ಬ ಹುಡುಗನ ಅಜ್ಜ. ಗುಡ್ಡೆ ಇಳಿದು ತೋಟದ ಬದಿಯ ಕಟ್ಟಪುಣಿಯಲ್ಲಿ ಹೋದರೆ ತೋಡು. ಸಂಕದ ಮೇಲೆ ಮೊಣಕಾಲು ಮಟ್ಟ ಕೆಂಪು ನೀರು. ಅಜ್ಜ ಅಲ್ಲೇ ನಿಂತು, “ಇಲ್ಲಿಂದ ಆಚೆಗೆ ಮಕ್ಕಳನ್ನು ಕಳಿಸುವವರು ಯಾರೂ ಇಲ್ಲ. ಮಳೆಗಾಲಕ್ಕೆ ಬೇರೆ ದಾರಿ” ಎಂದರು. ಹಿಂದಿರುಗಿ, ಗುಡ್ಡೆ ಏರಿ, ಡಾಮರು ರಸ್ತೆ ಹಿಡಿದು, ಸೇತುವೆ ದಾಟಿ, ಮತ್ತೆ ಒಳರಸ್ತೆ. ತೋಡಿನ ವರೆಗೆ ಹೋಗಿ ಬಂದದ್ದನ್ನು ಕಳೆದು ಉಳಿದದ್ದು ಮೂರು ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆ. ಜನವರಿಯಲ್ಲಿ ತೋಡು ಒಣಗಿದ ಮೇಲೆ ಇನ್ನೊಮ್ಮೆ ಸಂಕದ ಮೇಲಿನಿಂದಲೇ ನಡೆದೆವು, ಆಗ ಒಂದೂಮುಕ್ಕಾಲು ಕಿಲೋಮೀಟರ್ ಆಯಿತು. ಒಣ ನೆಲದಲ್ಲಿ ನಡೆದರೂ ಕಚೇರಿಯ ಅಂಕೆಯ ಎರಡು ಪಾಲು. ಗುಡ್ಡೆಯ ಆಚೆ ಮನೆಯಿರುವ ಮಕ್ಕಳಿಗೆ ಇದರ ಮೇಲೆ ಮನೆಯಿಂದ ಹಳೆ ಶಾಲೆಯ ವರೆಗಿನ ದಾರಿಯೂ ಸೇರುತ್ತದೆ.

ಅಳತೆಯ ಬಗ್ಗೆ ಕಚೇರಿಯವರು ಪ್ರಶ್ನೆ ಕೇಳುವುದು ಖಂಡಿತ, ಆದ್ದರಿಂದ ಮೊದಲೇ ನಾವೇ ಕೇಳಿಕೊಳ್ಳಬೇಕು. ಅಡಿಕೆ ತೋಟದ ನೆರಳಿನಲ್ಲಿ ಉಪಗ್ರಹದ ಸಂಕೇತ ಚದರುತ್ತದೆ, ಗೆರೆ ಅತ್ತಿತ್ತ ಹೊರಳುತ್ತದೆ. ನಿಂತಲ್ಲಿ ನಿಂತರೂ ಬಿಂದುಗಳು ಸುಮ್ಮನಿರುವುದಿಲ್ಲ. ಮಕ್ಕಳು ನೇರಳೆ ಮರದ ಬುಡದಲ್ಲಿ ಹತ್ತು ನಿಮಿಷ ನಿಂತರೆ ಯಂತ್ರದ ಲೆಕ್ಕದಲ್ಲಿ ಅಷ್ಟೂ ಹೊತ್ತು ನಡೆದಿದ್ದಾರೆ. ಹೀಗಾಗಿ ಜಿಪಿಎಸ್ ದಾರಿ ಸಾಮಾನ್ಯವಾಗಿ ನಿಜಕ್ಕಿಂತ ಉದ್ದವಾಗಿಯೇ ಬರುತ್ತದೆ. ನಾವು ನಿಂತ ಜಾಗದ ಬಿಂದುಗಳನ್ನು ಅಳಿಸಿದೆವು, ಹೋಗುವಾಗಲೂ ಬರುವಾಗಲೂ ದಾಖಲಿಸಿದೆವು, ಎರಡರಲ್ಲಿ ಕಡಿಮೆ ಬಂದ ಅಂಕೆಯನ್ನೇ ವರದಿಯಲ್ಲಿ ಬರೆದೆವು. ನಮ್ಮ ಪರವಾಗಿ ಐವತ್ತು ಮೀಟರ್ ಹೆಚ್ಚು ಬರೆದು ಸಿಕ್ಕಿಬಿದ್ದರೆ ಉಳಿದ ಎರಡು ಕಿಲೋಮೀಟರನ್ನೂ ಯಾರೂ ನಂಬುವುದಿಲ್ಲ.

ಇನ್ನೊಂದು ಎಚ್ಚರಿಕೆ. ಕ್ಯೂಜಿಐಎಸ್‌ನಲ್ಲಿ ಉದ್ದ ಅಳೆಯುವ ಮೊದಲು ನಕ್ಷೆಯನ್ನು ಡಿಗ್ರಿಯಿಂದ ಮೀಟರಿಗೆ ತರಬೇಕು. ಯುಟಿಎಂ 43 ಉತ್ತರ ಎಂಬ ವಲಯವನ್ನು ಆರಿಸಿ, ಅದರ ಸಂಖ್ಯೆ 32643. ಇದು 72ರಿಂದ 78 ಡಿಗ್ರಿ ಪೂರ್ವ ರೇಖಾಂಶದ ವರೆಗೆ ಹರಡಿದ ವಲಯ. ಗೋವೆ, ಕಾಸರಗೋಡು, ವಯನಾಡು, ನೀಲಗಿರಿ, ತಾಳವಾಡಿ, ಹೊಸೂರು, ಮಡಕಶಿರಾ, ರಾಯದುರ್ಗ, ಆದೋನಿ, ನಾರಾಯಣಪೇಟೆ, ಅಕ್ಕಲಕೋಟೆ, ಸೊಲ್ಲಾಪುರ, ಜತ್ತ ಎಲ್ಲವೂ ಇದರೊಳಗೆ ಬರುತ್ತವೆ. ರಾಜ್ಯಗಳು ನಮ್ಮನ್ನು ಆರು ಕಡೆ ಹಂಚಿಕೊಂಡರೂ ನಕ್ಷೆಯವರು ಒಂದೇ ವಲಯದಲ್ಲಿ ಇಟ್ಟಿದ್ದಾರೆ. ವಲಯದ ನಡುರೇಖೆಯಾದ 75 ಡಿಗ್ರಿ ಕಾಸರಗೋಡಿನ ಪಕ್ಕದಲ್ಲೇ ಹಾದುಹೋಗುತ್ತದೆ. ಅಲ್ಲಿ ಕಿಲೋಮೀಟರಿಗೆ 40 ಸೆಂಟಿಮೀಟರ್ ಕಡಿಮೆ ತೋರಿಸುತ್ತದೆ, ಅಷ್ಟನ್ನು ಕಚೇರಿಗೆ ಬಿಟ್ಟುಕೊಡಬಹುದು.

ನಕ್ಷೆಯ ಮೇಲೆ ಊರ ಹೆಸರುಗಳನ್ನು ಬರೆಯುವಾಗ ನಮಗೆ ಸಿಕ್ಕ ತೊಂದರೆ ಕನ್ನಡದ್ದೇ. ಶಾಲೆಯ ಹಳೆ ಪಟ್ಟಿಗಳು ನುಡಿ ಅಕ್ಷರದಲ್ಲಿದ್ದವು, ಯೂನಿಕೋಡ್ ಅಲ್ಲದ ಹಳೆಯ ಬಗೆ. ಲಿನಕ್ಸಿನಲ್ಲಿ ತೆರೆದರೆ ಚೀನೀ ಲಿಪಿಗಿಂತಲೂ ಕಷ್ಟ. ಮಕ್ಕಳು ಕೂತು ಎಲ್ಲವನ್ನೂ ಯೂನಿಕೋಡಿನಲ್ಲಿ ಹೊಸದಾಗಿ ಹೊಡೆದರು. ಲಿನಕ್ಸಿನಲ್ಲಿ ಕಗಪ ಕೀಲಿಮಣೆ ಜೊತೆಯಲ್ಲೇ ಬರುತ್ತದೆ, ಹುಡುಕಬೇಕಾಗಿಲ್ಲ. ಆಮೇಲೆ ಮತ್ತೊಂದು. ಶೇಪ್‌ಫೈಲ್ ಎಂಬ ಹಳೆಯ ಕಡತ ರೂಪದಲ್ಲಿ ಹೆಸರಿನ ಅಂಕಣಕ್ಕೆ 20 ಎಂದು ಅಗಲ ಕೊಟ್ಟಿದ್ದೆವು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದಲ್ಲಿ ವ್ಯಂಜನಕ್ಕೂ ಮೂರು, ಅದರ ಮೇಲಿನ ಸ್ವರಚಿಹ್ನೆಗೂ ಮೂರು. ‘ಕಾಸರಗೋಡು’ ಬರೆಯಲು 24 ಬೈಟ್ ಬೇಕು. ಉಳಿಸಿ ತೆರೆದಾಗ ನಕ್ಷೆಯಲ್ಲಿದ್ದದ್ದು ‘ಕಾಸರಗೋ’. ನಮ್ಮ ಊರಿನ ಬಾಲವನ್ನು ಯಂತ್ರವೂ ಕತ್ತರಿಸಿತಲ್ಲ ಎಂದು ಮುಖ್ಯೋಪಾಧ್ಯಾಯಿನಿಯವರು ನಕ್ಕರು. ಜಿಯೋಪ್ಯಾಕೇಜ್ ಎಂಬ ಹೊಸ ರೂಪದಲ್ಲಿ ಉಳಿಸಿದರೆ ಈ ತೊಂದರೆಯಿಲ್ಲ. ತಂತ್ರಾಂಶದ ಮೆನುಗಳು ನಮ್ಮ ಲ್ಯಾಬಿನಲ್ಲಿ ಇಂಗ್ಲಿಷಿನಲ್ಲಿವೆ. ಮಕ್ಕಳು ಗೋಡೆಗೆ ತಮ್ಮದೇ ಪಟ್ಟಿ ಅಂಟಿಸಿದ್ದಾರೆ: ಲೇಯರ್‌ಗೆ ‘ಪದರ’, ಟ್ರ್ಯಾಕ್‌ಗೆ ‘ಜಾಡು’, ಬಫರ್‌ಗೆ ‘ಬೇಲಿ’. ಶಾಲೆಯ ಸುತ್ತ ಒಂದು ಕಿಲೋಮೀಟರ್ ಬೇಲಿ ಹಾಕಿದಾಗ ಆ ಇನ್ನೊಂದು ಶಾಲೆ ಬೇಲಿಯೊಳಗೇ ಬಿತ್ತು, ಜಾಡು ಮಾತ್ರ ಬೇಲಿಯಿಂದ ಹೊರಗೆ ಹೋಗಿ ಸುತ್ತಿ ಒಳಗೆ ಬಂತು. ಆ ಒಂದು ಚಿತ್ರವನ್ನೇ ವರದಿಯ ಮೊದಲ ಪುಟಕ್ಕೆ ಹಾಕಿದೆವು.

ಹೆಸರಿನ ವಿಷಯ ಬಂದದ್ದರಿಂದ ಒಂದು ಮಾತು. 2021ರ ಜೂನ್‌ನಲ್ಲಿ ಕಾಸರಗೋಡಿನ ಕನ್ನಡ, ತುಳು ಊರ ಹೆಸರುಗಳನ್ನು ಬದಲಿಸಲಾಗುತ್ತಿದೆ ಎಂಬ ಸುದ್ದಿ ಎದ್ದು ಕರ್ನಾಟಕದ ನಾಯಕರು ಪತ್ರ ಬರೆದದ್ದು, ಅಂಥ ತೀರ್ಮಾನವೇ ಇಲ್ಲವೆಂದು ಕೇರಳದವರು ಹೇಳಿದ್ದು ಎಲ್ಲರಿಗೂ ನೆನಪಿರಬಹುದು. ಆ ಸುದ್ದಿಯ ಬಿಸಿ ಹದಿನೈದು ದಿನದಲ್ಲಿ ಆರಿತು. ಇತ್ತ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆ 2004ರಿಂದ ಇದೆ, ಯಾರು ಬೇಕಾದರೂ ತಿದ್ದಬಹುದು, ಲಿನಕ್ಸಿನಲ್ಲಿ ಒಂದು ಬ್ರೌಸರ್ ಇದ್ದರೆ ಸಾಕು. ಅದರಲ್ಲಿ ಒಂದೇ ಊರಿಗೆ ಕನ್ನಡದ ಹೆಸರಿಗೆ ಬೇರೆ, ಮಲಯಾಳದ ಹೆಸರಿಗೆ ಬೇರೆ, ತುಳುವಿನ ಹೆಸರಿಗೆ ಬೇರೆ ಅಂಕಣಗಳಿವೆ. ಹಳೆಯ ಹೆಸರಿಗೂ ಜಾಗವಿದೆ. ಯಾರ ಹೆಸರನ್ನೂ ಅಳಿಸಬೇಕಾಗಿಲ್ಲ. ನಮ್ಮ ಎಷ್ಟೋ ಮಜಲು, ಬೆಟ್ಟು, ಮೂಲೆ, ಪದವುಗಳ ಮುಂದೆ ಕನ್ನಡದ ಅಂಕಣ ಖಾಲಿ ಬಿದ್ದಿದ್ದನ್ನು ನಾನು ಕಂಡೆ. ಅದನ್ನು ಖಾಲಿ ಬಿಟ್ಟವರು ತಿರುವನಂತಪುರದವರಲ್ಲ. ಭಾಷಣ ಮಾಡಿದ ನಾವೇ. ಒಂದು ಜಾಗ್ರತೆ ಮಾತ್ರ ಬೇಕು: ಊರಿನ ಹೆಸರು, ಸಂಕ, ಶಾಲೆ, ದಾರಿ ಇವನ್ನು ಸಾರ್ವಜನಿಕ ನಕ್ಷೆಗೆ ಸೇರಿಸಿರಿ. ಮಕ್ಕಳು ಮನೆಯಿಂದ ಶಾಲೆಗೆ ನಡೆದ ಜಾಡನ್ನು ಸಮಯ ಸಮೇತ ಎಂದೂ ಹಾಕಕೂಡದು. ಅದು ಶಾಲೆಯ ಕಡತದಲ್ಲಿ ಇರಲಿ.

ಮತ್ತೆ ಆ ಮೂರು ಸಲಹೆಗಳಿಗೆ ಬರುತ್ತೇನೆ. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದರೆ ಚಂದದ ಬಣ್ಣದ ನಕ್ಷೆ ಸಿಗುತ್ತಿತ್ತು, ಆದರೆ ಕಚೇರಿಯವರು “ಇದನ್ನು ಹೇಗೆ ಅಳೆದಿರಿ” ಎಂದು ಕೇಳಿದಾಗ ಉತ್ತರ ಹೇಳಬಲ್ಲ ಒಂದು ಮಗುವೂ ಇರುತ್ತಿರಲಿಲ್ಲ. ಕದ್ದ ವಿಂಡೋಸ್ ಬಗ್ಗೆ ಏನು ಹೇಳುವುದು? ಸಂವಿಧಾನದ 350ಎ ವಿಧಿ ಉಲ್ಲೇಖಿಸಿ ಮನವಿ ಬರೆಯುವ ಶಾಲೆ ಆ ಮನವಿಯನ್ನು ಕದ್ದ ತಂತ್ರಾಂಶದಲ್ಲಿ ಟೈಪ್ ಮಾಡಬಾರದು. ಇನ್ನು ದುಡ್ಡು ಕೊಟ್ಟೇ ತರೋಣವೆಂದರೂ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಶಾಲೆಗಳಲ್ಲಿರುವ ಹಳೆ ಗಣಕಗಳಲ್ಲಿ ಅನೇಕವು 11ನ್ನು ತಾಳಲಾರವು. ಸೊಲ್ಲಾಪುರ, ಆದೋನಿ ಕಡೆಯ ಮಿತ್ರರು ಮೂಲೆಗೆ ಸರಿಸಿದ ಅಂಥ ಗಣಕಗಳಿಗೆ ಲಿನಕ್ಸ್ ಹಾಕಿದರೆ ಈ ಕೆಲಸಕ್ಕೆ ಧಾರಾಳ ಸಾಕು. ತಮಿಳುನಾಡಿನಲ್ಲಿ ವಿದ್ಯಾರ್ಥಿಗಳಿಗೆ 2011ರಿಂದ ಹಂಚಿದ ಲ್ಯಾಪ್‌ಟಾಪುಗಳಲ್ಲಿ ಸಿ-ಡಾಕ್‌ನ ಬಾಸ್ ಲಿನಕ್ಸ್ ಇದ್ದದ್ದನ್ನು ತಾಳವಾಡಿಯವರು ಬಲ್ಲರು.

ಲಿನಕ್ಸನ್ನು ಹೊಗಳುವುದಷ್ಟೇ ನನ್ನ ಉದ್ದೇಶವೆಂದು ತಿಳಿಯಬಾರದು. ತರಬೇತಿಯೊಂದರಲ್ಲಿ ಈ ತಂತ್ರಾಂಶದ ಕೈಪಿಡಿಯನ್ನು ನಮಗೆ ಕೊಟ್ಟದ್ದು ನಮ್ಮ ಮಕ್ಕಳ ಭಾಷೆಯಲ್ಲಿ ಅಲ್ಲ. ಕನ್ನಡದ್ದು ಆಮೇಲೆ ಬರುತ್ತದೆ ಎಂದರು, ಬರಲಿಲ್ಲ. ಅಡ್ಡಿ ಅಲ್ಲಿದೆ. ಆದ್ದರಿಂದ ನಮ್ಮ ಬೇಡಿಕೆ ಬೇರೆ ಗಣಕ ಕೊಡಿ ಎಂದಿರಬಾರದು. ಸಾರ್ವಜನಿಕ ಹಣದಿಂದ ಶಾಲೆಗೆ ಕೊಳ್ಳುವ ಯಾವುದೇ ಸಾಧನ ಶಾಲೆಯಲ್ಲಿರುವ ಗಣಕದೊಡನೆ ಮಾತಾಡಬೇಕು, ಜಿಪಿಎಕ್ಸ್‌ನಂಥ ತೆರೆದ ರೂಪದಲ್ಲಿ ಕಡತ ಕೊಡಬೇಕು ಎಂಬ ಒಂದು ಸಾಲು ಖರೀದಿಯ ಆದೇಶದಲ್ಲಿರಲಿ. ಕನ್ನಡ ಮಾಧ್ಯಮದ ಅಧ್ಯಾಪಕರಿಗೆ ಕನ್ನಡದಲ್ಲಿಯೇ ತರಬೇತಿ ಇರಲಿ. ಶಾಲೆಗಳ ನಡುವಿನ ದೂರ ಬರೆಯುವ ಕಾಲಮಿನಲ್ಲಿ ‘ಮಳೆಗಾಲದಲ್ಲಿ ನಡೆದು ಅಳೆದದ್ದು’ ಎಂಬ ಇನ್ನೊಂದು ಕಾಲಮು ಸೇರಲಿ. ಮಾದರಿ ನಿಯಮಗಳಲ್ಲಿಯೇ ಶಾಲಾ ನಕ್ಷೆ ತಯಾರಿಸುವುದು ಸರಕಾರದ, ಸ್ಥಳೀಯ ಆಡಳಿತದ ಹೊಣೆಯೆಂದಿದೆ. ನಾವು ಅವರ ಕೆಲಸವನ್ನು ಸ್ವಲ್ಪ ಮಾಡಿಕೊಟ್ಟಿದ್ದೇವೆ.

ಫೆಬ್ರವರಿಯಲ್ಲಿ ಪಿಟಿಎಯವರು ನಕ್ಷೆ, ಎರಡು ಋತುಗಳ ಜಾಡಿನ ಕಡತ, ಅಳೆದ ವಿಧಾನದ ಎರಡು ಪುಟದ ವಿವರಣೆ ಎಲ್ಲವನ್ನೂ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದರು. ಅಲ್ಲಿದ್ದ ಗುಮಾಸ್ತರು ಪೆನ್‌ಡ್ರೈವ್ ನೋಡಿ, “ಇದು ನಮ್ಮ ಗಣಕದಲ್ಲಿ ತೆರೆಯುತ್ತದೆಯೇ?” ಎಂದು ಕೇಳಿದರಂತೆ. ಕ್ಯೂಜಿಐಎಸ್ ವಿಂಡೋಸಿನಲ್ಲೂ ಓಡುತ್ತದೆ ಎಂದು ಜೊತೆಗೆ ಹೋಗಿದ್ದ ನಮ್ಮ ಒಂಬತ್ತನೆಯ ತರಗತಿಯ ಹುಡುಗಿ ಹೇಳಿ, ಹಾಕಿ ತೋರಿಸಲೇ ಎಂದಳಂತೆ. ಉತ್ತರ ಇನ್ನೂ ಬಂದಿಲ್ಲ, ಶಾಲೆ ಈಗಲೂ ನಡೆಯುತ್ತಿದೆ. ಪಂಚಾಯತಿನವರು ಸಂಕವನ್ನು ಕಾಂಕ್ರೀಟಿನದು ಮಾಡಿಕೊಡುವ ಮಾತಾಡಿದ್ದಾರೆ. ಹಾಗಾದರೆ ಮಳೆಗಾಲದ ಜಾಡನ್ನು ಮತ್ತೊಮ್ಮೆ ಅಳೆಯಬೇಕಾಗುತ್ತದೆ, ಬ್ಯಾಟರಿ ತಂದಿಟ್ಟಿದ್ದೇವೆ.